ಬಿಚ್ಚಿದ ಸಾಮಾನು

ಮೂರನೆಯ ಅಂಗಡಿಯವನೂ ನಕ್ಕ.

"ಸಾರ್, ಇದರ ಮೇಲೊಂದು ಹೂಕುಂಡ ಇಟ್ಬಿಡಿ. ಮರ ಚೆನ್ನಾಗಿದೆ."

ಅವನ ಮೇಜಿನ ತುಂಬ ಬಿಚ್ಚಿದ ಮೊಬೈಲುಗಳು ಬಾಯಿ ತೆರೆದು ಬಿದ್ದಿದ್ದವು. ಉಪನ್ಯಾಸಕ ಹಳೆಯ ಹೊದಿಕೆಯ ಗಂಟನ್ನು ಮತ್ತೆ ಬಿಗಿದ. ಒಳಗೆ ಅಪ್ಪನ ಶಾರ್ಟ್‌ವೇವ್ ರೇಡಿಯೋ. ಹತ್ತು ಕಿಲೋ ತೂಕ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಹೇಳಿದವನು ಒಂದು ದಿನದ ರಜೆ ಹಾಕಿ, ಗಂಟು ಹೊತ್ತುಕೊಂಡು, ಹತ್ತನೇ ತರಗತಿ ದಾಟದವರ ಮುಂದೆ ನಿಲ್ಲಬೇಕಾಗಿತ್ತು.

ಅಪ್ಪ ಅವನೊಂದಿಗೆ ಮಾತು ಬಿಟ್ಟು ಆರು ದಿನವಾಗಿತ್ತು. ಕೋಪವೆಂದು ಹೇಳುವಂತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ನೀರು ಬೇಕೇ ಎಂದರೆ ತಲೆಯಾಡಿಸುತ್ತಿದ್ದರು. ಸಂಜೆ ಮಾತ್ರ ರೇಡಿಯೋ ಇದ್ದ ಮೇಜಿನ ಮುಂದೆ ಕುಳಿತು, ಮುಚ್ಚಿದ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟುಕೊಂಡು ಏನನ್ನೋ ಕಾಯುತ್ತಿದ್ದರು.

"ಮಾವನವರಿಗೆ ನೀವೇ ಹೇಳಿಬಿಡ್ರೀ," ಎಂದು ಹೆಂಡತಿ ಬೆಳಿಗ್ಗೆ ಅಂದಿದ್ದಳು. "ತಪ್ಪಾಯ್ತು ಅಂದ್ರೆ ಮುಗೀತು."

"ತಪ್ಪೇನು ಬಂತು? ಹಳೇ ಸಾಮಾನು, ಹೋಯ್ತು."

"ಆಯ್ತಪ್ಪ," ಎಂದು ಅವಳು ಅವನ ಹೆಗಲ ಮೇಲೆ ಒಂದು ಟವೆಲ್ ಮಡಿಸಿ ಹಾಕಿದಳು. ಗಂಟು ಒತ್ತಬಾರದೆಂದು. ಮೊದಲ ದಿನ ಶಾಲೆಗೆ ಹೊರಟ ಮಗುವನ್ನು ಸಿಂಗರಿಸಿದಂತಾಯಿತು ಅವನಿಗೆ. ಮೂಲೆ ತಿರುಗಿದ ಕೂಡಲೇ ಟವೆಲನ್ನು ಜೇಬಿಗೆ ತುರುಕಿಕೊಂಡ.

ನಡೆದದ್ದು ಇಷ್ಟೇ. ರೇಡಿಯೋದ ಫ್ಯೂಸ್ ಹೋಗಿತ್ತು. "ನೀವು ವಾಕಿಂಗ್ ಮುಗಿಸ್ಕೊಂಡು ಬನ್ನಿ, ಅಷ್ಟರಲ್ಲಿ ಮಾತಾಡ್ತಿರುತ್ತೆ," ಎಂದು ಅವನು ಅಪ್ಪನನ್ನು ಕಳಿಸಿದ್ದ. ಮನೆಯಲ್ಲಿ ಬೇರೆ ಫ್ಯೂಸ್ ಇರಲಿಲ್ಲ. ಅಪ್ಪ ಕೇಳಿದ ಸ್ಟೇಷನ್‌ಗಳನ್ನೆಲ್ಲ, ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದು ಐದಕ್ಕೆ ಅಂಕ ಹಾಕಿ, ಬರೆದಿಡುವ ನೋಟ್‌ಬುಕ್ಕಿನಲ್ಲಿ ಗುರುತಿಗೆಂದು ಇಟ್ಟಿದ್ದ ಒಂದು ಬೆಳ್ಳಿ ಕಾಗದ ಕಂಡಿತು. ಮೊಮ್ಮಗಳು ಕೊಟ್ಟ ಚಾಕೊಲೇಟಿನದು. ಉಗುರಿನಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದ್ದರು. ಅದನ್ನು ಸುಟ್ಟ ಫ್ಯೂಸಿಗೆ ಸುತ್ತಿ ಸ್ವಿಚ್ ಒತ್ತಿದ. ಫ್ಯೂಸ್ ಏಕೆ ಕರಗಿಹೋಗಬೇಕು, ಕರಗದಿದ್ದರೆ ಏನಾಗುತ್ತದೆ ಎಂದು ಪ್ರತಿ ವರ್ಷದ ಮೊದಲ ವಾರ ಹಲಗೆಯ ಮೇಲೆ ಬರೆಯುವವನು ಅವನೇ.

ರೇಡಿಯೋ ಇಪ್ಪತ್ತು ನಿಮಿಷ ಮಾತಾಡಿತು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಕೋಣೆಯ ತುಂಬ ಹೊಗೆ.

"ತಾನಾಗೇ ಹೋಯ್ತು," ಎಂದಿದ್ದ.

ಮಾರನೆಯ ದಿನ ಹಳೆಯ ರೇಡಿಯೋ ಹುಚ್ಚಿನವರ ಗುಂಪೊಂದನ್ನು ಅಂತರ್ಜಾಲದಲ್ಲಿ ಹುಡುಕಿ ಸೇರಿಕೊಂಡ. ಸತ್ತ ಯಂತ್ರಗಳಿಗೆ ಉಪಚಾರ ಮಾಡುತ್ತ ಕೂತ ನಿವೃತ್ತರು, ಕಾಗುಣಿತ ಬಾರದವರು. ಒಂದು ಪ್ರಶ್ನೆ ಕೇಳಿದ್ದೇ ತಡ, ಮುಗಿಬಿದ್ದರು. ಒಬ್ಬ ಮೂರು ಸರ್ಕ್ಯೂಟ್ ನಕ್ಷೆ ಕಳಿಸಿದ. ಇನ್ನೊಬ್ಬ ರಾತ್ರಿಯಿಡೀ ಕೂತು ರಿಪೇರಿ ಪುಸ್ತಕದ ನಲವತ್ತು ಪುಟಗಳ ಫೋಟೋ ತೆಗೆದು ಕಳಿಸಿದ್ದ. ಪ್ರತಿ ಪುಟದ ಮೂಲೆಯಲ್ಲೂ ಅವನ ಹೆಬ್ಬೆರಳು. ಮಾಡಲು ಬೇರೆ ಕೆಲಸವಿಲ್ಲದವರು, ಎಂದುಕೊಂಡ. ಹೆಬ್ಬೆರಳಿನವನೇ ಕೇಳಿದ್ದ: "ಹೋದಾಗ ಫ್ಯೂಸ್ ಹೇಗಿತ್ತು ಸಾರ್?"

ಉಪನ್ಯಾಸಕ ಉತ್ತರ ಬರೆಯಲಿಲ್ಲ. ಎರಡು ದಿನ ಕಾದು ಹೆಬ್ಬೆರಳಿನವನೇ ಮತ್ತೆ ಬರೆದ: "ಇರಲಿ ಬಿಡಿ. ಅಂಗಡಿಯಲ್ಲಿ ಆಗದಿದ್ದರೆ ವಾಲ್ವ್ ತಾತನ ಹತ್ತಿರ ಹೋಗಿ, ಹಳೇ ವಾಲ್ವ್ ರೇಡಿಯೋಗಳಿಗೆ ಉಳಿದಿರೋರು ಅವರೊಬ್ಬರೇ. ಇಸ್ತ್ರಿ ಅಂಗಡಿ ಹಿಂದಿನ ಮೆಟ್ಟಿಲು."

ಮೂರು ಅಂಗಡಿಯಲ್ಲೂ ಆಗಲಿಲ್ಲ. ಬಸ್ಸು ಹತ್ತಿದ. ಕಿಟಕಿಯ ಪಕ್ಕದ ಹೆಂಗಸು ಗಂಟಿನ ಸಂದಿಯಲ್ಲಿ ಇಣುಕಿದ ಗುಂಡಿ ನೋಡಿ, ತನ್ನ ಚೀಲ ತೊಡೆಯ ಮೇಲಿಟ್ಟುಕೊಂಡು, "ರೇಡಿಯೋನಾ? ಕೂಡ್ಸಿ ಕೂಡ್ಸಿ," ಎಂದು ಗಂಟಿಗೆ ಜಾಗ ಬಿಟ್ಟಳು, ಬಂದ ನೆಂಟರಿಗೆ ಬಿಡುವಂತೆ. ಅವನು ದಾರಿಯುದ್ದಕ್ಕೂ ನಿಂತೇ ಇದ್ದ.

ವಾಲ್ವ್ ತಾತನ ಕೋಣೆ ಅವನು ಊಹಿಸಿದ್ದಕ್ಕಿಂತ ಕಿರಿದಾಗಿತ್ತು. ಗೋಡೆಯುದ್ದ ಬಿಡಿಭಾಗ ತುಂಬಿಟ್ಟ ಹಳೆಯ ಔಷಧಿ ಡಬ್ಬಗಳು, ಪ್ರತಿಯೊಂದರ ಮೇಲೂ ದುಂಡು ಅಕ್ಷರದ ಚೀಟಿ. ವಾಲ್ವ್ ತಾತ ಹಡಗಿನಲ್ಲಿ ತಂತಿ ಕಳಿಸುತ್ತಿದ್ದವನಂತೆ. ಈಗ ಬಲಗೈ ನಡುಗುತ್ತಿತ್ತು. ಮೂಲೆಯಲ್ಲಿ ಒಬ್ಬ ಮುದುಕ, ನಿವೃತ್ತ ಟೈಪಿಸ್ಟ್, ಸುಮ್ಮನೆ ಕಾಲ ಕಳೆಯಲು ಬಂದು ಕೂತಿದ್ದ.

"ಕಾಲೇಜಲ್ಲಿ ಫಿಸಿಕ್ಸ್ ಹೇಳ್ತೀನಿ ನಾನು," ಎಂದ ಉಪನ್ಯಾಸಕ, ಯಾರೂ ಕೇಳದಿದ್ದರೂ.

"ಹಾಗಾದ್ರೆ ನಾವು ಸ್ವಲ್ಪ ಹುಷಾರಾಗಿರ್ಬೇಕು," ಎಂದ ತಾತ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ತಾತ ರೇಡಿಯೋವನ್ನು ನೇರವಾಗಿ ಪ್ಲಗ್ಗಿಗೆ ಹಾಕಲಿಲ್ಲ. ನಡುವೆ ಒಂದು ಬಲ್ಬನ್ನು ಸೇರಿಸಿದ. ಒಳಗೆ ಎಲ್ಲ ಸರಿಯಿದ್ದರೆ ಬಲ್ಬು ಮಿಣುಕಿ ಮಂಕಾಗಬೇಕು. ಅದು ಝಗ್ಗನೆ ಹೊತ್ತಿಕೊಂಡು ಹಾಗೇ ಉರಿಯಿತು.

"ಅಯ್ಯೋ, ಸುಟ್ಟು ಕರಕಲಾಗಿದೆ," ಎಂದ ಟೈಪಿಸ್ಟ್. "ಏನ್ ಮಾಡಿದ್ರಿ ಮೇಷ್ಟ್ರೇ?"

"ತಾನಾಗೇ ಹೋಯ್ತು."

ತಾತ ಹಿಂಬದಿಯ ಹಲಗೆ ಬಿಚ್ಚಿದ. ಎರಡು ಬೆರಳು ಒಳಗೆ ಹೋದವು, ಒಂದು ಕ್ಷಣ ನಿಂತವು. ಹೊರಬಂದಾಗ ಅವುಗಳ ನಡುವೆ ಕಪ್ಪಾದ ಬೆಳ್ಳಿ ಕಾಗದ ಹೊಳೆಯಿತು. ಉಪನ್ಯಾಸಕ ಗೋಡೆಯ ಡಬ್ಬಗಳನ್ನು ಓದತೊಡಗಿದ.

"ಏನದು, ಏನು ಸಿಕ್ತು?" ಟೈಪಿಸ್ಟ್ ಕತ್ತು ಚಾಚಿದ.

ತಾತನ ಮುಷ್ಟಿ ಮುಚ್ಚಿಕೊಂಡಿತು. "ಏನಿಲ್ಲಪ್ಪ, ಧೂಳು. ಒಂದು ಕಂಡೆನ್ಸರ್ ಹೋಗಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ವಯಸ್ಸಾಯ್ತಲ್ಲ."

ಟೈಪಿಸ್ಟ್ ಹಿಂದಕ್ಕೆ ಒರಗಿದ. ಉಪನ್ಯಾಸಕನಿಗೆ ತಾತನ ಮೇಲೆ ಹುಟ್ಟಿದ ದ್ವೇಷ ಅವನಿಗೇ ಆಶ್ಚರ್ಯ ತಂದಿತು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ನಕ್ಕಿದ್ದರೆ ಎದ್ದು ಹೋಗಬಹುದಿತ್ತು. ಈ ಮುಚ್ಚಿದ ಮುಷ್ಟಿಗೆ ಏನು ಹೇಳುವುದು?

ತಾತನ ಹೆಂಡತಿ ನೀರು ತಂದಿಟ್ಟು, ಕುರ್ಚಿಯ ಮೇಲೊಂದು ದಿಂಬು ಹಾಕಿದಳು. "ಹೊತ್ತಾಗುತ್ತೆ, ಕೂತ್ಕೊಳ್ಳಪ್ಪ."

ತಾತ ಕಪಾಟಿನಿಂದ ಅದೇ ಕಂಪನಿಯ ಇನ್ನೊಂದು ರೇಡಿಯೋ ಇಳಿಸಿ, ಬಿಚ್ಚತೊಡಗಿದ.

"ಲೋ, ನಿನ್ನೆ ತಾನೇ ಅದರಲ್ಲಿ ನ್ಯೂಸ್ ಕೇಳಿದ್ವಲ್ಲೋ!" ಎಂದ ಟೈಪಿಸ್ಟ್.

"ನಿನ್ನೆ ಕೇಳಾಯ್ತಲ್ಲ," ಎಂದ ತಾತ.

ಉಪನ್ಯಾಸಕ ಬೇಡವೆನ್ನಲಿಲ್ಲ. ಮುದುಕನಿಗೆ ಪುಣ್ಯದ ಚಟ, ಎಂದುಕೊಂಡ. ತಾತನ ಬಲಗೈ ನಡುಗುವುದು ಬೆಸುಗೆ ಹಾಕುವಾಗ ಮಾತ್ರ ನಿಲ್ಲುತ್ತಿತ್ತು. ಮೂರು ಗಂಟೆ ಹೊತ್ತು ಅದನ್ನೇ ನೋಡುತ್ತ ಕೂತ.

ಹೊರಡುವಾಗ ತಾತ ಮೆಟ್ಟಿಲವರೆಗೆ ಬಂದು, ದಾರ ಕಟ್ಟಿದ ಕಾಗದದ ಪೊಟ್ಟಣವೊಂದನ್ನು ಕೊಟ್ಟ.

"ಏನಿದು?"

"ಬಿಚ್ಚಿದ ಸಾಮಾನು. ಅದು ರೇಡಿಯೋ ಯಜಮಾನರದು, ನಾವು ಇಟ್ಕೊಳ್ಳಲ್ಲ. ಸರಿಯಾದ ಫ್ಯೂಸ್ ಹಾಕಿದೀನಿ. ಇನ್ನೆರಡು ಒಳಗೆ ಅಂಟಿಸಿದೀನಿ." ಧ್ವನಿ ತಗ್ಗಿಸಿದ. "ಎಲ್ಲಾರೂ ಒಂದ್ಸಲ ಮಾಡಿರ್ತೀವಿ ಸಾರ್. ಹಡಗಲ್ಲಿ ನಾನು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದೆ."

ನಾನೂ ನೀನೂ ಒಂದೇ ಎನ್ನುತ್ತಿದ್ದಾನೆ. ಉಪನ್ಯಾಸಕ ಪೊಟ್ಟಣವನ್ನು ಗಂಟಿನೊಳಗೆ ತೂರಿಸಿ, ಹಿಂತಿರುಗಿ ನೋಡದೆ ಇಳಿದ.

ಸಂಜೆ ಅಪ್ಪ ಮೇಜಿನ ಮುಂದೆ ಕುಳಿತೇ ಇದ್ದರು. ಅವನು ರೇಡಿಯೋ ಇಟ್ಟು ಪ್ಲಗ್ ಹಾಕಿದ. ಡಯಲ್ಲಿನ ಹಿಂದೆ ದೀಪ ಹತ್ತಿಕೊಂಡಿತು. ಗಾಜಿನ ಮೇಲೆ ದೂರದ ಊರುಗಳ ಹೆಸರು ಒಂದೊಂದಾಗಿ ಮೂಡಿದವು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

ಈಗ ಹೇಳಬಹುದಿತ್ತು. ಎರಡು ಮಾತು. ಅವಳು ಕಣ್ಣಿನಲ್ಲೇ, ಹೇಳಿ, ಎಂದಳು.

"ಟ್ರಾನ್ಸ್‌ಫಾರ್ಮರ್ ಹೋಗಿತ್ತಂತೆ," ಎಂದ. "ವಯಸ್ಸಾಗಿ."

ಅಪ್ಪ ಆರು ದಿನದ ಮೇಲೆ ಅವನ ಮುಖ ನೋಡಿದರು. ಕೈ ಚಾಚಿದರು.

"ಬಿಚ್ಚಿದ್ದು ಕೊಡು."

"ಏನು?"

"ರಿಪೇರಿ ಗೊತ್ತಿರೋನು ಬಿಚ್ಚಿದ್ದು ವಾಪಸ್ ಕೊಡ್ತಾನೆ. ಎಲ್ಲಿ?"

ಅವನು ಪೊಟ್ಟಣ ಕೊಟ್ಟ. ಅಪ್ಪ ದಾರ ಬಿಚ್ಚಿದರು. ಸುಟ್ಟ ಟ್ರಾನ್ಸ್‌ಫಾರ್ಮರ್. ಒಡೆದ ಕಂಡೆನ್ಸರ್. ಎಲ್ಲಕ್ಕಿಂತ ಕೆಳಗೆ, ಮಡಿಕೆ ಬಿಡಿಸಿ, ಯಾರೋ ಉಗುರಿನಿಂದ ತಿಕ್ಕಿ ಚಪ್ಪಟೆ ಮಾಡಿದ್ದ ಬೆಳ್ಳಿ ಕಾಗದ. ನಡುವೆ ಕಪ್ಪು ತೂತು.

ಅವನು ಬೈಗುಳಕ್ಕೆ ಕಾದ. ಹಸಿವಿನಿಂದ ಊಟಕ್ಕೆ ಕಾಯುವಂತೆ ಕಾದ.

ಅಪ್ಪ ನೋಟ್‌ಬುಕ್ ತೆರೆದು, ಆರು ದಿನದ ಹಿಂದಿನ ಪುಟ ಹುಡುಕಿ, ಕಾಗದವನ್ನು ಅಲ್ಲಿಟ್ಟರು. ಆಮೇಲೆ ಗುಂಡಿ ತಿರುಗಿಸಿದರು. ಮುಳ್ಳು ಒಂದು ಊರು ದಾಟಿತು, ಇನ್ನೊಂದು ಊರು ದಾಟಿತು. ಯಾವುದೋ ಭಾಷೆ ಬಂತು, ಹೋಯಿತು; ಒಂದು ಹಾಡಿನ ತುಣುಕು ಬಂತು, ಹೋಯಿತು. ಎರಡು ಹೆಸರುಗಳ ನಡುವೆ, ಬರೀ ಸದ್ದು ಸುರಿಯುವ ಕಡೆ, ಅಪ್ಪ ಕೈ ತೆಗೆದರು.

ಪೆನ್ಸಿಲ್ ಎತ್ತಿಕೊಂಡರು. ದಿನಾಂಕ ಬರೆದರು. ವೇಳೆ ಬರೆದರು. ಸ್ಟೇಷನ್ ಎಂಬ ಕಡೆ ಪೆನ್ಸಿಲ್ ಊರಿ ಬಹಳ ಹೊತ್ತು ಕೂತರು. ಅವನು ಬೆನ್ನ ಹಿಂದೆ ನಿಂತು ನೋಡುತ್ತಿದ್ದ. ಅಲ್ಲಿ ಏನೂ ಬರೆಯದೆ, ಮುಂದಿನ ಕಾಲಮ್ಮಿಗೆ ಸರಿದು, ಸ್ಪಷ್ಟತೆ ಎಂಬ ಕಡೆ ಅಚ್ಚುಕಟ್ಟಾಗಿ ಬರೆದರು: ಐದಕ್ಕೆ ಐದು.