ಹೋಲಿಕೆಯ ಗುಂಪು

"ಇನ್ನು ಮೂರು ತಿಂಗಳು ಇದನ್ನ ಯಾರೂ ತೆಗೀಬಾರದು," ಎಂದು ಪ್ರೊಫೆಸರು ಪುಸ್ತಕದ ಬೀರುವಿನ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದರು. ಜಿಲ್ಲಾ ಶಿಕ್ಷಣಾಧಿಕಾರಿಯೂ ಪಕ್ಕದಲ್ಲೊಂದು ಸಹಿ ಎಳೆದರು. ಓದಲು ಬಾರದ ಮಕ್ಕಳಿಗಾಗಿ ವಿಶ್ವವಿದ್ಯಾಲಯವೂ ಜಿಲ್ಲಾ ಕಚೇರಿಯೂ ಕೈಜೋಡಿಸಿದ ಆ ಘನಕಾರ್ಯ ಶುರುವಾದದ್ದೇ ಹೀಗೆ, ಪುಸ್ತಕ ಮುಚ್ಚಿಡುವುದರಿಂದ.

ಮೂರನೇ ತರಗತಿಯ ಟೀಚರಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಹಿಂದುಳಿದ ಹದಿನಾಲ್ಕು ಮಕ್ಕಳನ್ನು ದಿನಾ ಸಂಜೆ ಕೂರಿಸಿಕೊಂಡು, ಇದೇ ಬೀರುವಿನ ಪುಸ್ತಕ ಹಿಡಿಸಿ ಓದಿಸುತ್ತಿದ್ದವಳು ಆಕೆ.

"ನಿಮ್ಮದು ಹೋಲಿಕೆಯ ಗುಂಪು, ಮೇಡಂ," ಎಂದರು ಪ್ರೊಫೆಸರು. "ಪಕ್ಕದ ಶಾಲೆಗೆ ನಮ್ಮ ಹೊಸ ವಿಧಾನ. ನಿಮ್ಮ ಮಕ್ಕಳಿಗೆ ಏನೂ ಇಲ್ಲ. ಆಗ್ಲೇ ವ್ಯತ್ಯಾಸ ಕಾಣೋದು."

"ಸಂಜೆ ನಾನು ಓದಿಸೋದು?"

"ಅಯ್ಯೋ, ಅದು ಮೊದಲು ನಿಲ್ಲಬೇಕು! ಅಂಕಿಅಂಶ ಎಲ್ಲಾ ಕೆಟ್ಟುಹೋಗುತ್ತೆ."

"ವರದೀಲಿ ನಿಮ್ಮ ಹೆಸರು ಅಚ್ಚಾಗುತ್ತೆ," ಎಂದರು ಅಧಿಕಾರಿ. "ಬೇಡ ಅಂದ್ರೆ ಹೇಳಿ, ಮೇಲಿನವರಿಗೆ ಹಾಗೇ ಬರೀತೀನಿ."

ಥೂ, ಅಚ್ಚಿನ ಹೆಸರಿನ ಆಸೆಯೇ! ಟೀಚರು ಒಪ್ಪಿಗೆ ಪತ್ರದಲ್ಲಿ ಎರಡು ಕಡೆ ಸಹಿ ಮಾಡಿದಳು.

ಆ ಹದಿನಾಲ್ಕರಲ್ಲಿ ವಟವಟಿ ಎಂಬ ಅಡ್ಡಹೆಸರಿನ ಹುಡುಗಿಯೊಬ್ಬಳಿದ್ದಳು. ದಿನವಿಡೀ ವಟಗುಟ್ಟುವವಳು ಅಕ್ಷರ ಕಂಡರೆ ಮಾತ್ರ ಮೂಕಿ. ಹಿಂದಿನ ವಾರವಷ್ಟೇ ಮೊದಲ ಸಲ ಇಡೀ ಪುಟ ಓದಿ, "ಇನ್ನೊಂದು ಸಲ, ಟೀಚರ್!" ಎಂದು ಕುಣಿದಿದ್ದಳು. ಈಗ ಸಂಜೆ ಬೀರುವಿನೆದುರು ನಿಂತು, "ಇವತ್ತೂ ಇಲ್ವಾ?" ಎಂದು ಕೇಳುತ್ತಿದ್ದಳು. ಎಂಟು ದಿನ ಕೇಳಿದಳು. ಆಮೇಲೆ ಬೀರುವಿನ ಹತ್ತಿರ ಬರಲಿಲ್ಲ.

"ಹಸುಗೆ ಹುಲ್ಲು ಹಾಕ್ದೆ ಸೊರಗುತ್ತಾ ಅಂತ ನೋಡೋಕೆ ಅಷ್ಟೊಂದು ಓದ್ಬೇಕಾ, ಟೀಚರ್?" ಎಂದಳು ಕಸ ಗುಡಿಸುತ್ತಿದ್ದ ಆಯಾ.

"ನಿಂಗೊತ್ತಾಗಲ್ಲ, ಸುಮ್ನಿರು. ಇದು ಸಂಶೋಧನೆ," ಎಂದು ಟೀಚರು ರೇಗಿದಳು. ರೇಗಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರು ತಿಂಗಳ ಮೇಲೆ ಪ್ರೊಫೆಸರು ಅಧಿಕಾರಿಯ ಜೊತೆ ಗಡಿಯಾರ ಹಿಡಿದು ಓದಿನ ಪರೀಕ್ಷೆಗೆ ಬಂದರು. ವಟವಟಿ ನಾಲ್ಕು ಪದ ಓದಿ ಐದನೆಯದಕ್ಕೆ ನಿಂತಳು. ಅವಳೆದುರೇ ಅವರು, "ಓದಲು ಬಾರದು," ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆದರು. ಕೊನೆಗೆ ಹಾಳೆಗಳನ್ನೆಲ್ಲ ಜೋಡಿಸಿ ಅಧಿಕಾರಿಯ ಕೈ ಕುಲುಕಿದರು.

"ಅದ್ಭುತ! ಎಷ್ಟು ಸ್ಪಷ್ಟವಾದ ವ್ಯತ್ಯಾಸ ನೋಡಿ!"

"ಸರ್, ಹೊಸ ವಿಧಾನ ಇಲ್ಲಿಗೆ ಯಾವಾಗ?" ಎಂದಳು ಟೀಚರು.

"ಮೊದಲು ವರದಿ ಬರಲಿ, ಮೇಡಂ. ಮುಂದಿನ ಹಂತದಲ್ಲಿ ನೋಡೋಣ."

ಕಾರು ಹೋಯಿತು. ಬೀರುವಿನ ಪಟ್ಟಿ ಬಿಚ್ಚುವುದು ಆ ಮಹಾಶಯರಿಬ್ಬರಿಗೂ ನೆನಪಾಗಲಿಲ್ಲ. ಟೀಚರು ಅದನ್ನು ಉಗುರಿನಿಂದಲೇ ಕೆರೆದು ಕಿತ್ತಳು. ಹಳೆಯ ಪುಸ್ತಕವನ್ನು ಹುಡುಕಿ, ಹೊರಟಿದ್ದ ವಟವಟಿಯನ್ನು ಕರೆದು ಅವಳ ಕೈಗಿಟ್ಟಳು.

"ಬಾ, ಇನ್ನೊಂದು ಸಲ ಓದೋಣ."

ಹುಡುಗಿ ಪುಸ್ತಕವನ್ನು ತೆರೆಯಲೇ ಇಲ್ಲ. ಎರಡೂ ಕೈಯಲ್ಲಿ ಜೋಪಾನವಾಗಿ ಟೀಚರಿಗೇ ಮರಳಿ ಚಾಚಿದಳು.

"ನಂಗೆ ಓದೋಕೆ ಬರಲ್ಲ, ಟೀಚರ್. ಆ ಸರ್ ಬರ್ಕೊಂಡ್ರಲ್ಲ."

ಪುಸ್ತಕ ತೆಗೆದುಕೊಂಡ ಟೀಚರ ಉಗುರುಗಳ ಸಂದಿಯಲ್ಲಿ ಅಂಟಿನ ಕಾಗದದ ಚೂರುಗಳು ಹಾಗೇ ಇದ್ದವು.