ಬೆನ್ನು ಬಿಚ್ಚಿದ ಕೋಟು

ಕೋಟಿನ ತೋಳಿಗೆ ಗಂಡನ ಎಡಗೈ ಹೋಗಲೊಲ್ಲದು. ಗುರುಬಾಯಿ ಬೆರಳು ತೂರಿಸಿ ನೋಡಿದಳು, ಮಣಿಕಟ್ಟು ಹಿಡಿದು ಎಳೆದು ನೋಡಿದಳು, ಕೂಸಿಗೆ ಅಂಗಿ ತೊಡಿಸುವಾಗಿನ ಹಾಗೆ ಪುಸಲಾಯಿಸಿಯೂ ನೋಡಿದಳು. ಗೋಡೆಗೆ ಒರಗಿಸಿ ಕೂಡಿಸಿದ್ದ ಶಾಂತಲಿಂಗಪ್ಪ ಜಗ್ಗಲಿಲ್ಲ.

"ಬಿಡ್ರಿ ದೊಡ್ಡವ್ವ, ಮೈ ಸೆಟದು ಹೋಗ್ಯಾದ," ಎಂದ ಮೈದುನನ ಮಗ ವಿಶ್ವಾರಾಧ್ಯ. "ಮುಂಜಾನಿ ಕೂಡಿಸೂ ಮುಂದಽ ಹಾಕಬೇಕಿತ್ತು."

"ಮುಂಜಾನಿ ಕೋಟ ಮನ್ಯಾಗ ಎಲ್ಲಿತ್ತೋ ತಮ್ಮಾ?"

ಅಸ್ತರ ಹರಿದಿದೆಯೆಂದು ಕೋಟು ಹಿಂದಿನ ಸಂಜೆ, ಎಮ್ಮೆ ಹಿಂಡಿದ ಮೇಲೆ, ಅಫಜಲಪುರದ ದರ್ಜಿ ಏಜಾಜನ ಅಂಗಡಿಗೆ ಹೋಗಿತ್ತು. ಸಾವಿನ ಸುದ್ದಿ ಕೇಳಿದ ಏಜಾಜ ಅದನ್ನು ಇಸ್ತ್ರಿ ಮಾಡಿ, ತಾನೇ ಗಾಡಿ ಹೊಡೆದುಕೊಂಡು ಕರಜಗಿಗೆ ತರುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಜೀವ ಹೋದ ಕೂಡಲೇ ಕಾಲು ಮಡಚಿ, ಲಿಂಗ ಹಿಡಿಯಲೆಂದು ಎಡಗೈಯನ್ನು ಮಡಿಲಲ್ಲಿರಿಸಿ ಕೂಡಿಸುವುದು ಲಿಂಗವಂತರಲ್ಲಿ ನಡೆದುಬಂದ ಪದ್ಧತಿ. ಜೇವರ್ಗಿಯಿಂದ ಮಗಳು ಸಪ್ನಾ ಬರಲೆಂದು ಕಾದರು. ಕಾದಷ್ಟೂ ಅವನು ಕಟ್ಟಿಗೆಯಾದ. ಪ್ಯಾಂಟಿನ ಮಾತನ್ನಂತೂ ಯಾರೂ ಎತ್ತಲಿಲ್ಲ. ಸೊಂಟಕ್ಕೆ ಹೊಸ ಧೋತರ ಸುತ್ತಿಯಾಗಿತ್ತು.

ಹಿತ್ತಲಲ್ಲಿ ಎಮ್ಮೆ ಮತ್ತೆ ಒದರಿತು. ಮುಂಜಾನೆಯಿಂದ ಅದು ಯಾರಿಗೂ ಹಿಂಡಗೊಟ್ಟಿರಲಿಲ್ಲ.

*

ಊರಲ್ಲಿ ಎಲ್ಲರ ಮದುವೆಯ ಸೂಟೂ ಟ್ರಂಕಿನಲ್ಲಿ ಡಾಂಬರು ಗುಳಿಗೆಯ ಜೊತೆ ಮುದಿಯಾಗುತ್ತದೆ. ಶಾಂತಲಿಂಗಪ್ಪ ಮಾತ್ರ ಮದುವೆಯಾದ ಮೂರನೆಯ ದಿನ ಅದನ್ನೇ ಹಾಕಿಕೊಂಡು ತನ್ನ ಹಿಟ್ಟಿನ ಗಿರಣಿಗೆ ಹೊರಟಿದ್ದ.

"ಛಲೋ ಅರಿವಿ, ಟ್ರಂಕಿನ್ಯಾಗ ಇಡ್ರೆಲಾ," ಎಂದಿದ್ದಳು ಹೊಸ ಹೆಂಡತಿ.

"ಅಲ್ಲಿಟ್ರ ಹುಳ ಉಡ್ತಾವ. ಅದರ ಬದ್ಲಿ ನಾನಽ ಉಡ್ತೇನಿ."

ಒಂದು ಸವೆದರೆ ಅಂಥದೇ ಇನ್ನೊಂದು ಹೊಲಿಸಿದ. ಮೊದಲು ಏಜಾಜನ ಅಪ್ಪ ಹೊಲಿದ, ಆಮೇಲೆ ಏಜಾಜ. ನೀಲಿ ಸೂಟು, ಅದರ ಮೇಲೆ ಜೋಳದ ಹಿಟ್ಟು. ಸಂತೆಗೆ ಅದೇ, ಕ್ಷೌರಕ್ಕೆ ಅದೇ, ಕಾಗೆ ಬಾಯಿ ತೆರೆದು ಕೂಡುವ ಮೇ ತಿಂಗಳ ಬಿಸಿಲಿಗೂ ಅದೇ. ಎಮ್ಮೆ ಹಿಂಡಲು ಕೂತರೆ "ಕಲೆಕ್ಟರ್ ಸಾಹೇಬ್ರು ಹಿಂಡಾಕತ್ತಾರ" ಎಂದು ಓಣಿಯೇ ನಗುತ್ತಿತ್ತು. ಅವನೂ ನಗುತ್ತಿದ್ದ. ಕರು ಸತ್ತ ಮೇಲಂತೂ ಎಮ್ಮೆ ಆ ಕೋಟಿನ ತೋಳು ಮೂಸದ ಹೊರತು ಹಾಲು ಇಳಿಸದಾಯಿತು.

ಸಪ್ನಾಳನ್ನು ನೋಡಲು ಬೀಗರು ಬಂದ ದಿನ ಗುರುಬಾಯಿ ಗಂಡನ ಬೆನ್ನು ಬಿದ್ದಳು. "ಇವತ್ತೊಂದಿನ ಧೋತರ ಉಟ್ಕೋರಿ. ಮಂದಿ ನಗ್ತಾರ." ಅವನು ಉಟ್ಟ. ಬೀಗರೆದುರು ಕೈ ಎಲ್ಲಿಡಬೇಕೆಂದು ತಿಳಿಯದೆ, ಇಲ್ಲದ ಕಿಸೆ ಹುಡುಕುತ್ತ, ತನ್ನ ಮನೆಯಲ್ಲೇ ಪರರ ಮನೆಗೆ ಬಂದವನಂತೆ ಕೂತ. ಕೊನೆಗೆ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಚೆಲ್ಲಿಬಿಟ್ಟ. ಗುರುಬಾಯಿಯ ಕಣ್ಣು ಆ ಕೈಮೇಲೇ ಇತ್ತು.

ಅವರು ಹೋದ ಮೇಲೆ ಹೇಳಿದ: "ಇವತ್ತ ನಿನ್ನ ಮಾತ ನಾ ಕೇಳೀನಿ. ಹೋಗೂ ದಿನ ನನ್ನ ಮಾತ ನೀ ಕೇಳಬೇಕು. ನನ್ನ ಕೋಟಿನ್ಯಾಗಽ ಕಳಸು."

ಅವಳು ಅವನ ಕೈಮೇಲೆ ಕೈಯಿಟ್ಟು ಹೂಂ ಅಂದಿದ್ದಳು. ಇದೇನು ಮಹಾ ಎನ್ನಿಸಿತ್ತು ಆಗ.

*

"ಇತ್ತ ಕೊಡ್ರಿ ಅಕ್ಕಾರ," ಎಂದ ಏಜಾಜ. "ಬೆನ್ನಿನ ಹೊಲಿಗಿ ಬಿಚ್ಚತೇನಿ. ಮುಂದಿನಿಂದ ತೋಳ ತೂರಿಸಿದ್ರಾತು."

"ತಿಳಿಯಂಗಿಲ್ಲೇನು?"

"ಬೆನ್ನ ಯಾರ ನೋಡ್ತಾರ್ರಿ?"

ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕಿತ್ತ. ಕಾಲರಿಗೆ ಕತ್ತರಿ ಹಾಕಿದ. ಇಬ್ಬರೂ ಸೇರಿ ಮುಂದಿನಿಂದ ಒಂದೊಂದೇ ತೋಳು ತೊಡಿಸಿದರು. ಗುರುಬಾಯಿ ಗುಂಡಿ ಹಾಕಿ ಹಿಂದೆ ಸರಿದು ನೋಡಿದಳು. ಗಿರಣಿಗೆ ಹೊರಟ ಹಾಗೆಯೇ ಇದ್ದ. ಮುಂಜಾನೆಯಿಂದ ಮೊದಲ ಸಲ ಅವಳ ಉಸಿರು ಸಲೀಸಾಯಿತು.

ಕುಣಿಯ ಬಳಿ ಕ್ರಿಯೆ ಮಾಡಿಸಲು ಕಾಯುತ್ತಿದ್ದ ಅಯ್ಯನವರು ಕೋಟು ಕಂಡು ಅನುಮಾನಿಸಿದರು.

"ಹೊಲಿದ ಅರಿವಿ ಕುಣ್ಯಾಗ ಬ್ಯಾಡವ್ವಾ. ಎದಿಗಿ, ತೋಳಿಗಿ ವಿಭೂತಿ ಹಚ್ಚಬೇಕು."

"ನಾ ಮಾತ ಕೊಟ್ಟೇನ್ರಿ, ಅಪ್ಪಾರ."

ಅಯ್ಯನವರು ಕಲ್ಲುಮನಸ್ಸಿನವರಲ್ಲ. ಅವರ ಮನೆಯ ಜೋಳವೂ ಅದೇ ಗಿರಣಿಯಲ್ಲಿ ಹಿಟ್ಟಾದದ್ದು. ಸುತ್ತ ನಿಂತ ಹಿರಿಯರತ್ತ ನೋಡಿದರು. "ನನ್ನ ಕೈಯಾಗ ಏನದ ತಾಯಿ?" ಎಂದರು.

"ಯವ್ವಾ, ಇಷ್ಟ ಮಂದ್ಯಾಗ ಬ್ಯಾಡಬೇ," ಎಂದು ಸಪ್ನಾ ತಾಯಿಯ ರಟ್ಟೆ ಹಿಡಿದಳು.

ವಿಶ್ವಾರಾಧ್ಯ ಗುಂಡಿ ಬಿಚ್ಚಿ ಎಳೆದ. ಕೈ ಎತ್ತಿಸುವ ಕೆಲಸವೂ ಬೀಳಲಿಲ್ಲ. ತೊಡಿಸಲೆಂದು ಬಿಚ್ಚಿದ ಬೆನ್ನೇ ಕಳಚಲೂ ದಾರಿಯಾಯಿತು. ಏಜಾಜ ಮುಖ ತಿರುಗಿಸಿ ನಿಂತ.

ಕುಣಿಯೊಳಗೆ ಕೂಡಿಸಿದಾಗ ಗುರುಬಾಯಿ ಬಗ್ಗಿ ನೋಡಿದಳು. ಎಡಗೈಯಲ್ಲಿ ಲಿಂಗವಿತ್ತು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬೀಗರೆದುರು ಬಿದ್ದಿದ್ದ ಹಾಗೆಯೇ.

"ತಪ್ಪಾತ್ರಿ," ಎಂದು ಪತ್ರಿ ಹಾಕಿದಳು. ಮೇಲೆ ಮಣ್ಣು ಬಿತ್ತು.

*

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಒದರಿ ಒದರಿ ಎಮ್ಮೆಯ ದನಿ ಬಿದ್ದುಹೋಗಿತ್ತು. ಕೆಚ್ಚಲು ಬಿಗಿದು ಕೆಂಪಾಗಿತ್ತು.

"ಕೊಡ್ರಿ ಅಕ್ಕಾರ, ಹೊಲದು ತರ್ತೇನಿ," ಎಂದ ಏಜಾಜ, ಸಪ್ನಾಳ ಕೈಯಲ್ಲಿದ್ದ ಕೋಟು ನೋಡಿ.

"ಯಾರಿಗಂತ ಹೊಲೀತಿ?"

"ಟ್ರಂಕಿನ್ಯಾಗ ಇಡ್ಲೇನಬೇ?" ಎಂದಳು ಸಪ್ನಾ.

ಗುರುಬಾಯಿ ಮಗಳ ಕೈಯಿಂದ ಕೋಟು ತೆಗೆದುಕೊಂಡು, ಮುಂದಿನಿಂದ ಒಂದೊಂದೇ ತೋಳು ಸೀರೆಯ ಮೇಲೆ ತೊಟ್ಟಳು. ಚರಗಿ ಹಿಡಿದು ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಎಮ್ಮೆ ಕತ್ತು ತಿರುಗಿಸಿ ತೋಳು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ಹಾಲು ಇಳಿಸಿತು.

ಬಾಗಿಲಲ್ಲಿ ನಿಂತವರಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ನೀಲಿ ಕೋಟಿನ ಎರಡು ಹೋಳು ಅತ್ತ ಒಂದು, ಇತ್ತ ಒಂದು ಜೋತುಬಿದ್ದಿದ್ದವು. ಯಾರೂ ನಗಲಿಲ್ಲ. ಚರಗಿಯೊಳಗೆ ಹಾಲಿನ ಸದ್ದು ಬರುತ್ತಲೇ ಇತ್ತು.