ಇಮ್ಯೂನಿಟಿ ಉಮಕ್ಕನ ಬೆನ್ನುಮೂಳೆ

ತುಮಕೂರಿನ ಬಟವಾಡಿಯ ಉಮಾಮಹೇಶ್ವರಿಗೆ ಅರವತ್ತರ ಹತ್ತಿರ. ಕೊರೊನಾ ಹೋದರೂ ಅದು ಬಿಟ್ಟುಹೋದ ಭಯ ಇನ್ನೂ ವ್ಯಾಪಾರಕ್ಕೆ ಒದಗುತ್ತಿತ್ತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎನ್ನುವ ಒಂದು ಹಸಿರು ಪುಡಿಯನ್ನು ಆಕೆ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಜನ ಇಮ್ಯೂನಿಟಿ ಉಮಕ್ಕ ಎಂದೇ ಕರೆಯುತ್ತಿದ್ದರು. ಗಂಡ ಅಡವಿಯಪ್ಪ ಮಾತ್ರ ಆ ಪುಡಿಯನ್ನು ನಾಲಿಗೆಗೆ ಸೋಕಿಸಿರಲಿಲ್ಲ. ಎಮ್ಮೆ ಬಾಯಾಡಿಸಿ ಬಿಟ್ಟ ಹುಲ್ಲಿನ ವಾಸನೆ ಎನ್ನುವುದು ಅವನ ತಕರಾರು.

ಅವತ್ತು ಗುಬ್ಬಿಯಲ್ಲಿ ಚಿಕ್ಕಮಾರಮ್ಮನ ಮನೆ ಜಗಲಿಯ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಚಿಕ್ಕಮಾರಮ್ಮ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಎತ್ತಿ ಹಾಕುವ ಹೆಂಗಸು, ಉಮಕ್ಕನಿಗಿಂತ ದೊಡ್ಡವಳು. ಹೋದ ತಿಂಗಳು ಒಂದು ಡಬ್ಬ ಕೊಂಡಿದ್ದಳು. ಉಮಕ್ಕ ಹೊಸ ಡಬ್ಬದ ಮುಚ್ಚಳ ತೆಗೆದು, "ಇದನ್ನ ತಗೊಂಡೋರಿಗೆ ನೆಗಡಿ ಕೂಡ ಸುಳಿಯಲ್ಲ" ಎಂದಳು. ಪುಡಿ ಗಾಳಿಗೆ ಎದ್ದು ನೇರ ಅವಳ ಮೂಗಿಗೇ ಹೊಕ್ಕಿತು. ಸೀನು ಬಂತು. ಬಾಗಿ, ಬೀದಿಗೆ ಕೇಳುವ ಹಾಗೆ ಸೀನಿದಳು. ಬೆನ್ನಲ್ಲಿ ಒಣಕಡ್ಡಿ ಲಟಕ್ಕೆಂದ ಹಾಗಾಯಿತು. ಬಾಗಿದವಳು ಬಾಗಿದಂತೆಯೇ ಉಳಿದಳು.

"ಏಳಕ್ಕ, ನಮಸ್ಕಾರ ಸಾಕು" ಎಂದಳು ಒಬ್ಬಳು.

ಏಳಲಾಗಲಿಲ್ಲ. ಅಡವಿಯಪ್ಪ ಕಾರು ಮಾಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ತಂದ. ದಾರಿಯುದ್ದಕ್ಕೂ ಹಂಪು ಬಂದಾಗಲೆಲ್ಲ ಅವಳು ಡ್ರೈವರಿನ ವಂಶವನ್ನು ಬೈದಳು.

ಬಟವಾಡಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅನುಪಮಾ ಎಕ್ಸ್‌ರೇ ತೆಗೆಸಿದಳು, ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದಳು. ಬೆನ್ನಿನ ಒಂದು ಮೂಳೆ ಕುಸಿದಿತ್ತು. ಮಿಕ್ಕವು ಒಳಗೊಳಗೇ ಟೊಳ್ಳಾಗುತ್ತಿದ್ದವು.

"ಆಸ್ಟಿಯೋಪೊರೋಸಿಸ್ ಆಂಟಿ. ಮೂಳೆ ಸವೆತ."

"ಸೀನಿದ್ರೆ ಮೂಳೆ ಮುರಿಯುತ್ತಾ? ಇಮ್ಯೂನಿಟಿ ಏನಾದ್ರೂ ವೀಕ್ ಆಗಿದೆಯಾ ನೋಡಿ."

"ವೀಕ್ ಆಗಿಲ್ಲ. ತಲೆಹರಟೆ ಮಾಡ್ತಿದೆ."

ಅಡವಿಯಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅವನಿಗೆ ಇಂಥ ಮಾತು ತಪ್ಪಿಸಿಕೊಳ್ಳುವ ಮನಸ್ಸಿರಲಿಲ್ಲ.

"ಮೂಳೆ ಕಲ್ಲಲ್ಲ ಆಂಟಿ" ಎಂದಳು ಡಾಕ್ಟರ್. "ಒಳಗೆ ದಿನಾ ರಿಪೇರಿ ನಡೀತಿರುತ್ತೆ. ಹಳೇ ಮೂಳೆ ತಿನ್ನೋ ಕಣ ಒಂದು, ಹೊಸದು ಕಟ್ಟೋ ಕಣ ಇನ್ನೊಂದು. ರೋಗ ಬಂದ್ರೆ ಹೊಡೆದಾಡೋಕೆ ಬಿಳಿ ರಕ್ತಕಣ ಇದಾವಲ್ಲ, ಈಸ್ಟ್ರೋಜನ್ ಅನ್ನೋ ಹಾರ್ಮೋನು ಅವಕ್ಕೆ ಮೂಗುದಾರ ಇದ್ದಂಗೆ. ಮುಟ್ಟು ನಿಂತ ಮೇಲೆ ಅದು ಕಮ್ಮಿ ಆಗುತ್ತೆ. ಆಗ ಕೆಲವು ಕಣ ಶತ್ರು ಇಲ್ದೇ ಇದ್ರೂ ರೊಚ್ಚಿಗೇಳ್ತವೆ. ಅವು ಬಿಡೋ ರಾಸಾಯನಿಕ ತಿನ್ನೋ ಕಣಗಳನ್ನ ಎಬ್ಬಿಸುತ್ತೆ. ಅವು ತಿಂತಾನೇ ಇರ್ತವೆ, ಕಟ್ಟೋವು ಹಿಂದೆ ಬೀಳ್ತವೆ."

"ಅಂದ್ರೆ ಇವಳ ಇಮ್ಯೂನಿಟಿನೇ ಇವಳ ಮೂಳೆ ತಿಂತಾ ಇದೆ" ಎಂದ ಅಡವಿಯಪ್ಪ.

"ಸಹಾಯ ಮಾಡ್ತಿದೆ ಅಂಕಲ್. ವಯಸ್ಸು, ವಿಟಮಿನ್ನು, ಓಡಾಟ ಎಲ್ಲಾನೂ ಸೇರುತ್ತೆ."

ಉಮಕ್ಕ ಗಂಡನನ್ನು ಬಿಟ್ಟು ಡಾಕ್ಟರನ್ನೇ ಕೇಳಿದಳು. "ನಾನು ತಿಂದ ಪುಡಿಯಿಂದ ಅವು ಜಾಸ್ತಿ ರೊಚ್ಚಿಗೆದ್ದವಾ?"

"ಆ ಪುಡಿಗೆ ಅಷ್ಟೆಲ್ಲ ತಾಕತ್ತಿದೆ ಅಂತ ನನಗನ್ನಿಸಲ್ಲ ಆಂಟಿ."

ಬೆನ್ನುಮೂಳೆಗಿಂತ ಈ ಮಾತು ಹೆಚ್ಚು ನೋಯಿಸಿತು. ಮೂಳೆ ತಿನ್ನುವ ಕಣಗಳಿಗೆ ಅವನ್ನು ಎಬ್ಬಿಸುವ ಕರೆ ಮುಟ್ಟದ ಹಾಗೆ ತಡೆಯುವ ಇಂಜೆಕ್ಷನ್ ಒಂದಿದೆ, ಶುರು ಮಾಡಿದ ಮೇಲೆ ಮನಸ್ಸಿಗೆ ಬಂದಾಗ ನಿಲ್ಲಿಸುವಂತಿಲ್ಲ ಎಂದು ಡಾಕ್ಟರ್ ಹೇಳಿದಳು. ಉಮಕ್ಕ ತೋಳು ಚಾಚಿದಳು. ಮನೆಗೆ ಬಂದ ಮೇಲೆ ಅಡವಿಯಪ್ಪ ಸಿಕ್ಕವರಿಗೆಲ್ಲ, "ನಮ್ಮನೆಯವಳು ಕಾವಲಿಗೆ ಅಂತ ಸಾಕಿದ ನಾಯಿ, ಮನೆಯೋರನ್ನೇ ಕಚ್ಚಿದೆ" ಎಂದು ವರದಿ ಕೊಡತೊಡಗಿದ. ಆದರೆ ಅವಳು ಮಲಗಿದ್ದಷ್ಟು ದಿನವೂ ಅವಳಿಗೆ ಜಡೆ ಹಾಕಿದವನು, ಬಿಸಿನೀರು ಕಾಯಿಸಿಕೊಟ್ಟವನು ಅವನೇ.

ನೋವು ಇಳಿಯುವ ಹೊತ್ತಿಗೆ ಕುಣಿಗಲ್ಲಿನ ಕಲ್ಯಾಣ ಮಂಟಪದಲ್ಲಿ ಕಂಪನಿಯ ಸಮಾವೇಶ. ಉಮಕ್ಕನಿಗೆ ಸನ್ಮಾನ. ಕಂಪನಿಯ ಮುಂದಾಳು ರವೀಶ್ ಡಾಕ್ಟರ್ ಅವಳಿಗೆ ಹಾಕಿಸಿದ್ದ ಸೊಂಟದ ಬೆಲ್ಟು ನೋಡಿ ಹೌಹಾರಿದ.

"ಮೇಡಂ, ಇದರ ಮೇಲೆ ಸೆರಗು ಹೊದ್ದುಕೊಳ್ಳಿ. ಯಾರಾದ್ರೂ ಕೇಳಿದ್ರೆ ಯೋಗಕ್ಕೆ ಹಾಕಿದ್ದು ಅನ್ನಿ."

ಅವಳು ಒಪ್ಪಿಕೊಂಡೇ ವೇದಿಕೆ ಹತ್ತಿದಳು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಮೈಕು ಕೈಗೆ ಬರುವಷ್ಟರಲ್ಲಿ ಸೆರಗು ಜಾರಿತು. ಮುಂದಿನ ಸಾಲಿನ ಹೆಂಗಸೊಬ್ಬಳು, "ಸೊಂಟಕ್ಕೇನಾಯ್ತಕ್ಕ?" ಎಂದಳು.

ಯೋಗ ಎನ್ನಬೇಕಿತ್ತು. ಬಾಯಿಂದ ಬಂದದ್ದು, "ಸೀನಿದೆ."

ಇಡೀ ಮಂಟಪ ನಕ್ಕಿತು. ಉಮಕ್ಕನಿಗೆ ರೇಗಿತು. ಸತ್ಯ ಹೇಳಬೇಕೆಂಬ ಆದರ್ಶವೇನೂ ಅವಳಲ್ಲಿರಲಿಲ್ಲ. ತನ್ನ ಮುರಿದ ಮೂಳೆಗೆ ನಗುತ್ತಾರಲ್ಲ ಎಂಬ ಸಿಟ್ಟಷ್ಟೇ.

"ನಗ್ರೀ, ನಗ್ರೀ. ನಿಮ್ಮ ಒಳಗೂ ಅವೇ ಕಣ ಇದಾವೆ. ಮುಟ್ಟು ನಿಂತೋರು ಎಷ್ಟು ಜನ ಇದೀರಿ ಇಲ್ಲಿ? ಸೊಂಟ ನೋವು ಅಂತ ಮುಲಾಮು ತಿಕ್ಕೊಂಡು ಕೂತಿರೋರು ಎಷ್ಟು ಜನ? ಹೋಗಿ ಸ್ಕ್ಯಾನ್ ಮಾಡಿಸ್ಕೊಳ್ಳಿ. ಜಾಸ್ತಿ ಇಮ್ಯೂನಿಟಿ ಜಾಸ್ತಿ ಒಳ್ಳೇದು ಅಂತ ನಾನೂ ಹೇಳ್ತಿದ್ದೆ. ಹಂಗಿಲ್ಲ ಅದು."

ರವೀಶ್ ಮೈಕಿನ ವೈರು ಕಿತ್ತ. ಹತ್ತಾರು ವರ್ಷ ಬೀದಿಯಲ್ಲಿ ತರಕಾರಿಯವನನ್ನು ಕೂಗಿ ನಿಲ್ಲಿಸಿದ ಗಂಟಲು ಅವಳದು, ಮೈಕು ಬೇಕಿರಲಿಲ್ಲ. ಊಟದ ಪಂಕ್ತಿಯಲ್ಲಿ ಹೆಂಗಸರು ಪುಡಿ ಬಿಟ್ಟು ಅವಳ ಎಲೆಯ ಸುತ್ತ ನಿಂತು ಡಾಕ್ಟರ ವಿಳಾಸ ಕೇಳಿದರು. ಅಲ್ಲಿಗೆ ಅವಳ ಕೆಲಸವೂ ಹೋಯಿತು. ಹಣ್ಣಿನ ಬುಟ್ಟಿಯನ್ನು ಮಾತ್ರ ಅವಳು ವಾಪಸು ಕೊಡಲಿಲ್ಲ.

ಮರುವಾರ ಗುಬ್ಬಿಯಿಂದ ಚಿಕ್ಕಮಾರಮ್ಮನನ್ನು ಹಟ ಹಿಡಿದು ಕರೆತಂದು ಸ್ಕ್ಯಾನ್ ಮಾಡಿಸಿದಳು. ತನಗಿಂತ ದೊಡ್ಡವಳು, ಜೀವಮಾನವಿಡೀ ದುಡಿದ ಮೈ, ಇವಳದು ಇನ್ನೆಷ್ಟು ಸವೆದಿದೆಯೋ ಎಂಬ ಆತಂಕ ನಿಜವಾಗಿಯೂ ಇತ್ತು. ಡಾಕ್ಟರ್ ವರದಿ ನೋಡಿ, "ಚೆನ್ನಾಗಿದೆ ಅಜ್ಜಿ, ಗಟ್ಟಿಮುಟ್ಟಾಗಿದೆ. ಭಾರ ಹೊತ್ತು ಓಡಾಡಿದ್ದು ಮೂಳೆಗೆ ಒಳ್ಳೇದೇ ಆಗಿದೆ" ಎಂದಳು.

ಉಮಕ್ಕನಿಗೆ ಸಮಾಧಾನವಾಯಿತು. ಸ್ವಲ್ಪ ಹೊಟ್ಟೆಯೂ ಉರಿಯಿತು.

ಚಿಕ್ಕಮಾರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನೀನು ಕೊಟ್ಟ ಪುಡಿನೇ ಕಣಕ್ಕ ಇದಕ್ಕೆಲ್ಲ ಕಾರಣ. ಮೂಟೆ ನಾನು ಹುಟ್ಟಿದಾಗ್ಲಿಂದ ಹೊತ್ತಿವ್ನಿ ಬುಡು. ಇನ್ನೊಂದು ಡಬ್ಬ ಕೊಡು."

ಉಮಕ್ಕ ಡಾಕ್ಟರ ಮುಖ ನೋಡಿದಳು. ಡಾಕ್ಟರ್ ಚೀಟಿ ಬರೆಯುವ ನೆಪದಲ್ಲಿ ತಲೆ ಬಗ್ಗಿಸಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.

"ಬಾ, ಮೊದಲು ಕಾಫಿ ಕುಡಿಯೋಣ" ಎಂದಳು ಉಮಕ್ಕ. "ಕಣ ಅಂದ್ರೇನು ಅಂತ ಹೇಳ್ತೀನಿ."